ನೂಡಲ್ ಹಿಡಕೊಂಡ ಸಮುದ್ರಕ್ಕ ಇಳದದ್ದು

ಹುಬ್ಬಳ್ಳಿ-ಧಾರವಾಡದಾಗ ಹುಟ್ಟಿ ಬೆಳದವರಿಗೆ ನೀರ ಅಂದ್ರ ತುಂಬಿ ಇಡೋದ್ರಿ, ಅದರಾಗ ಇಳಿಯೋದಲ್ಲ. ನಮ್ಮ ಓಣ್ಯಾಗ ಎಂಟ ದಿವಸಕ್ಕೊಮ್ಮೆ ನಳಾ ಬರ್ತಿತ್ತು. ಬಂದ ದಿವಸ ಹಂಡೆ, ಬಕೀಟು, ತಂಬಗಿ, ಕಡಿಕೆ ದೇವರ ಮನ್ಯಾಗಿನ ಪಂಚಪಾತ್ರಿ ಸೈತ ತುಂಬಿ ಇಡತಿದ್ವಿ. ಹಂತಾ ಊರಾಗಿಂದ ಬಂದಾಕಿ ನಾನು. ನಂಗ ಈಸಲಿಕ್ಕೆ ಬರಂಗಿಲ್ಲ. ನಮ್ಮನಿಯವರಿಗೆ ಬರ್ತದ. ಅವರು ಸಣ್ಣವರಿದ್ದಾಗ ಸೊಂಟಕ್ಕ ಬೆಂಡ ಕಟಿಗೊಂಡು ಹೊಲದ ಬಾವ್ಯಾಗ ಜಿಗದ ಕಲತವರು. ಮದವಿ ಆಗಿ ಹದಿನಾಲ್ಕ ವರ್ಷ ಆತು, ಆ ಬಾವಿ ಕಥಿ ನಾ ಎಷ್ಟ ಸಲಾ ಕೇಳೇನಿ ಅನ್ನೋದ ಲೆಕ್ಕಿಲ್ಲ.

ನಾವು ಬ್ರಿಸ್ಬೇನಿಗೆ ಬಂದ ಐದನೇ ವರ್ಷ. ಮುಂದಿನ ವರ್ಷ ವಾಪಸ ಊರಿಗೆ ಹೋಗೋದು ಗಟ್ಟಿ ಆಗಿತ್ತು. ಒಂದ ರಾತ್ರಿ ಉಣ್ಣಲಿಕ್ಕೆ ಕೂತಾಗ ನಮ್ಮನಿಯವರು 'ಈ ಕ್ವೀನ್ಸ್‌ಲ್ಯಾಂಡಿನಾಗ ಇದ್ದು ಗ್ರೇಟ್ ಬ್ಯಾರಿಯರ್ ರೀಫ್ ನೋಡಲಾರದ ಹೋದ್ರ ಧಾರವಾಡದಾಗ ಇದ್ದು ಪೇಢೆ ತಿನ್ನಲಾರದ ಹೋದಂಗ' ಅಂದ್ರು. ಇಷ್ಟಕ್ಕ ನಿಂತಿದ್ರ ಛೊಲೋ ಇತ್ತು. ಮುಂದ 'ವಿಟ್‌ಸಂಡೇ ದ್ವೀಪಕ್ಕ ಹೋಗೋಣು. ಹಾಯಿ ಹಡಗದಾಗ. ಮೂರ ದಿವಸ, ಎರಡ ರಾತ್ರಿ. ಬ್ಯಾಕ್‌ಪ್ಯಾಕ್ ಹಾಕ್ಕೊಂಡು' ಅಂದ್ರು.

ಬ್ಯಾಕ್‌ಪ್ಯಾಕ್ ಅಂದ್ರ ಏನಂತ ನಮ್ಮ ಮನಿ ಹಿರಿಯಾರಿಗೆ ತಿಳಿಸಿ ಹೇಳೋದು ಕಠಿಣ ಅದರೀ. ಬೆನ್ನಿಗೆ ಚೀಲಾ ಹಾಕ್ಕೊಂಡು, ಒಂದ ಖೋಲ್ಯಾಗ ಎಂಟ ಮಂದಿ ಮಲಗೋ ಹಾಸ್ಟೇಲಿನಾಗ ಇದ್ದು, ತಾವ ಅಡಗಿ ಮಾಡ್ಕೊಂಡ ತಿರಗೋದು. ಇಪ್ಪತ್ತ ವರ್ಷದ ಹುಡುಗರು ಮಾಡೋದು. ನಮಗ ನಾಲ್ವತ್ತ ಹತ್ರ ಬಂದದ. ಆದ್ರ ವಿಮಾನದ ತಿಕೀಟು, ಛೊಲೋ ಹೋಟೆಲ್ಲು ಅಂತ ಲೆಕ್ಕಾ ಹಾಕಿದ್ರ ಊರಿಗೆ ಹೋಗೋ ಖರ್ಚ ಅಲ್ಲೇ ಮುಗೀತಿತ್ತು. ಅದಕ್ಕ ಬಸ್ಸು. ಬ್ರಿಸ್ಬೇನಿಂದ ಏರ್ಲಿ ಬೀಚಿಗೆ ಸಾವಿರ ಕಿಲೋಮೀಟರಿಗೂ ಜಾಸ್ತಿ, ಹದಿನೆಂಟ ಹತ್ತೊಂಬತ್ತ ತಾಸಿನ ಹಾದಿ. ಕಬ್ಬಿನ ಹೊಲಾ ದಾಟಿ, ಮತ್ತ ಕಬ್ಬಿನ ಹೊಲಾ. ಅರ್ಧ ಹಾದಿ ನಂಗ ಬೆಳಗಾವಿ ಕಡೆ ಹೊಂಟಂಗ ಆಗಿತ್ತು.

ಇನ್ನ ನಮ್ಮವ್ವನ ಮಾತು. ನಮ್ಮವ್ವ ನನ್ನ ಯಾಕ ನೀರಾಗ ಬಿಡಲಿಲ್ಲ ಅನ್ನೋದು ಹೇಳಬೇಕು. ಅಕಿಗೆ ಒಬ್ಬ ತಮ್ಮ ಇದ್ದ, ನಾ ಹುಟ್ಟೋಕಿಂತ ಮೊದಲಿನ ಮಾತು. ಹದಿನೈದ ವರ್ಷದ ಹುಡುಗ. ಬ್ಯಾಸಗಿ ಸೂಟಿಯೊಳಗ ಗೆಳ್ಯಾರ ಜೋಡಿ ಹೊಲದ ಬಾವ್ಯಾಗ ಜಿಗದಂವಾ ಮ್ಯಾಲೆ ಬರಲಿಲ್ಲ. ಕೊಡಾ ಬಿದ್ರ ತಗೀಲಿಕ್ಕೆ ಇಡತಾರಲ್ಲ ಪಾತಾಳಗರಡಿ, ಅದನ್ನ ಹಗ್ಗಕ್ಕ ಕಟ್ಟಿ ಸಂಜಿತನಕಾ ಹುಡುಕಿದ್ರಂತ. ನಮ್ಮವ್ವಗ ಆವಾಗ ಹದಿನೆಂಟು, ಬಾವಿ ಕಟ್ಟಿ ಮ್ಯಾಲೆ ನಿಂತಿದ್ಲಂತ. ಇಷ್ಟ ನಂಗ ಗೊತ್ತಿರೋದು, ಅದೂ ನಮ್ಮ ಮಾವಶಿ ಹೇಳಿದ್ದು. ಅವ್ವ ಬಾಯಿಬಿಟ್ಟ ಎಂದೂ ಹೇಳಿಲ್ಲ. ಸಾಲಿಯವರು ಟ್ರಿಪ್ಪಿಗೆ ಗೋಕರ್ಣಕ್ಕ ಕರಕೊಂಡ ಹೋದ್ರ ನಂಗ ಅಷ್ಟ ಕಳಸ್ತಿದ್ದಿಲ್ಲ. ಯಾಕ ಅಂತ ಕೇಳಿದ್ರ 'ಯಾಕಿಲ್ಲ, ಬ್ಯಾಡಾ' ಅಂತಿದ್ಲು.

ಏರ್ಲಿ ಬೀಚಿನಿಂದ ಅಕಿಗೆ ಫೋನ್ ಮಾಡಿ 'ಮೂರ ದಿವಸ ಹಡಗದಾಗ ಇರ್ತೇವಿ, ಫೋನ್ ಹತ್ತಂಗಿಲ್ಲ, ಕಾಳಜಿ ಮಾಡಬ್ಯಾಡ' ಅಂದೆ. ಒಂದ ಗಳಿಗಿ ಮಾತಿಲ್ಲ. ಆಮ್ಯಾಲೆ 'ಹಡಗದಾಗ ಕೂಡು. ನೀರಾಗ ಇಳಿಬ್ಯಾಡವಾ' ಅಂದ್ಲು. ನಾ ಹೂಂ ಅನ್ನಲಿಲ್ಲ, ಊಂಹೂಂ ಅನ್ನಲಿಲ್ಲ. 'ಅಪ್ಪಾಜಿ ಬಿಪಿ ಗುಳಗಿ ತೊಗೊಂಡ್ರೇನ' ಅಂತ ಮಾತ ಬದಲಿ ಮಾಡಿದೆ.

ಏರ್ಲಿ ಬೀಚ್ ಅಂತ ಹೆಸರ ಅದ ಖರೆ, ಆದ್ರ ಅಲ್ಲಿ ಮಂದಿ ಸಮುದ್ರದಾಗ ಈಸೋದು ಕಡಿಮಿ. ಸ್ಟಿಂಗರ್ ಅನ್ನೋ ಕುಟಕೋ ಜೆಲ್ಲಿಮೀನಿನ ಅಂಜಿಕಿ. ಅದರ ಸಂಬಂಧ ದಂಡಿ ಮ್ಯಾಲೆ ಲಗೂನ್ ಅಂತ ಒಂದ ದೊಡ್ಡ ಹೊಂಡಾ ಕಟ್ಟ್ಯಾರ, ಪುಕಟ, ಯಾರರ ಇಳೀಬಹುದು. ಹಡಗ ಹತ್ತೋ ಮೊದಲ ಎರಡ ದಿವಸ ನಾ ಅದರಾಗ ಸ್ನಾರ್ಕೆಲ್ ಹಾಕ್ಕೊಂಡು ಮಾರಿ ಮುಳಗಿಸೋದು ಕಲತೆ. ನನ್ನ ಬಾಜೂಕ ಒಂದ ನಾಲ್ಕ ವರ್ಷದ ಹುಡುಗಿ ಅದನ್ನ ಕಲೀಲಿಕ್ಕತ್ತಿತ್ತು. ಅದು ಮಧ್ಯಾಹ್ನದೊಳಗ ಕಲತ ಹೋತು.

ಸ್ನಾರ್ಕೆಲ್ ಮಾಡೋರಿಗೆ ಮೊದಲನೇ ಪಾಠ, ಕಾಚಿನ ಒಳಗ ಉಗುಳೋದು. ಹೌದ್ರೀ. ಮಾಸ್ಕಿನ ಕಾಚಿಗೆ ಮಂಜ ಹಿಡಿಬಾರದು ಅಂತ ಒಳಗ ಉಗುಳಿ, ಬೆರಳಲೆ ಸವರಿ, ನೀರಾಗ ಅದ್ದಿ ಮಾರಿಗೆ ಹಾಕ್ಕೊಬೇಕು. ಇನ್ನ ಆ ನಳಿಗಿ ನಿನ್ನೆ ಯಾರ ಬಾಯಾಗ ಇತ್ತೋ ದೇವರಿಗೆ ಗೊತ್ತು. ಔಷಧದ ನೀರಿನ ಬಕೀಟಿನಾಗ ಅದ್ದಿ ಕೊಡತಾರ, ಆ ಮಾತ ಬ್ಯಾರೆ. ನಮ್ಮ ಅತ್ತಿಯವರು ಎಂಜಲಾ-ಮುಸರಿ ಅಂತ ಒಂದ ಸೌಟ ಇನ್ನೊಂದಕ್ಕ ಹಚ್ಚಗೊಡಂಗಿಲ್ಲ. ಅವರು ಆ ಬಕೀಟ ನೋಡಿದ್ರ ಗಂಗಾಜಲಾ ಹಿಡಕೊಂಡ ಆಸ್ಟ್ರೇಲಿಯಾಕ್ಕ ಬರತಿದ್ರು.

ನಮ್ಮ ಹಡಗ ಹಿಂದಕ ರೇಸಿನಾಗ ಓಡಿದ್ದಂತ. ಈಗ ರೇಸಿನಿಂದ ನಿವೃತ್ತಿ ಆಗಿ ನಮ್ಮಂಥಾ ಮಂದೀನ್ನ ಹೊರತದ. ಇಪ್ಪತ್ತನಾಲ್ಕ ಮಂದಿ ನಾವು, ನಡಸವರು ಮೂರ ಮಂದಿ. ಕಪ್ತಾನಳ ಒಬ್ಬ ಹುಡುಗಿ, ಇಪ್ಪತ್ತಾರ ಇಪ್ಪತ್ತೇಳ ವಯಸ್ಸಿರಬೇಕು. ಹತ್ತೋಕಿಂತ ಮೊದಲ ಎಲ್ಲಾರ ಚಪ್ಪಲ್ಲು-ಬೂಟು ಒಂದ ಚೀಲದಾಗ ಹಾಕಿಸಿಕೊಂಡ್ಲು. ಇದೊಂದು ನಂಗ ಭಾಳ ಪಸಂದ ಬಿತ್ತು, ಗುಡಿ ಇದ್ದಂಗ. ಗಟ್ಟಿ ಸೂಟಕೇಸು ನಡಿಯಂಗಿಲ್ಲ, ಮೆತ್ತನ್ನ ಚೀಲಾ ಅಷ್ಟ. ಸಿಹಿನೀರ ಟಾಕಿ ಸಣ್ಣದದ, ಜಳಕಾ ಎರಡ ನಿಮಿಷದಾಗ ಮುಗಸ್ರಿ ಅಂದ್ಲು. ಜರ್ಮನಿ, ಫ್ರಾನ್ಸ್ ಹುಡುಗರೆಲ್ಲಾ ಮಾರಿ ಸಣ್ಣ ಮಾಡಿದ್ರು. ನಾವಿಬ್ಬರೂ ಒಬ್ಬರ ಮಾರಿ ಒಬ್ಬರು ನೋಡಿ ನಕ್ಕ್ವಿ. ಒಂದ ಬಕೀಟಿನಾಗ ತಲಿಸ್ನಾನಾ ಮಾಡಿ, ಅದ ನೀರಾಗ ಪರದೆ ಒಗದು, ಉಳದದ್ದ ತುಳಸಿಗೆ ಹಾಕೋ ಊರವರು ನಾವು.

ಹಾಯಿ ಬಿಚ್ಚೋದಕ್ಕ ಎಲ್ಲಾರೂ ಕೈ ಹಚ್ಚಬೇಕು. ವಿಂಚ್ ಅಂತ ಗಿರಕಿ ಇರ್ತಾವ, ಅದಕ್ಕ ಹಿಡಕಿ ಹಾಕಿ ತಿರುವಬೇಕು. ಖಾರಾ ಬೀಸೋ ಕಲ್ಲ ತಿರವಿದ ತೋಳು ನಂದು, ಅದಕ್ಕೇನ ಅಂಜಲಿಲ್ಲ. ಗಾಳಿ ತುಂಬಿ ಇಂಜಿನ್ ಬಂದ ಮಾಡಿದ್ರಲ್ಲ, ಆ ಶಾಂತ ಹೇಳಲಿಕ್ಕೆ ಬರಂಗಿಲ್ಲ. ಆದ್ರ ಹಡಗ ನೆಟ್ಟಗ ಹೋಗಂಗಿಲ್ಲರೀ, ವಾರಿ ಆಗಿ ಹೋಗ್ತದ. ಒಂದ ಕಡೆ ಅಂಚು ನೀರ ಮುಟ್ಟತದ, ಇನ್ನೊಂದ ಕಡೆ ಮುಗಲಿಗೆ ಏರತದ. ಏರಿದ ಕಡೆ ಎಲ್ಲಾರೂ ಕಾಲ ಇಳಿಬಿಟಗೊಂಡ ಕೂಡೋದು. ಮಗಚಿ ಬೀಳಂಗಿಲ್ಲೇನ ಅಂತ ಕೇಳಿದೆ. ತಳದಾಗ ಕೀಲ್ ಅಂತ ಭಾರಾ ಇರ್ತದ, ವಾಲಿದಷ್ಟೂ ಅದು ವಾಪಸ ಎಳೀತದ ಅಂದ್ಲು. ಇನ್ನ ಗಾಳಿಗೆ ಎದರ ಹೋಗಬೇಕಂದ್ರ ಸೀದಾ ಹೋಗಲಿಕ್ಕೆ ಬರಂಗಿಲ್ಲ. ಎಡಕ್ಕ ಒಂದಿಷ್ಟು, ಬಲಕ್ಕ ಒಂದಿಷ್ಟು, ಸವದತ್ತಿ ಯಲ್ಲಮ್ಮನ ಗುಡ್ಡದ ರಸ್ತೆ ಹೆಂಗ ತಿರುವಿ ತಿರುವಿ ಏರತದೋ ಹಂಗ. ತಿರುವ ಬಂದಾಗೊಮ್ಮೆ ಕಪ್ತಾನಳು ಕೂಗತಾಳ, ಆವಾಗ ಇಪ್ಪತ್ತನಾಲ್ಕೂ ಮಂದಿ ಕುಂಡಿ ಜಾರಿಸಕೋತ ಈ ಕಡೆಯಿಂದ ಆ ಕಡೆ.

ಮೂರನೇ ತಿರುವಿಗೆ ನಮ್ಮನಿಯವರ ಮಾರಿ ಹಸರಾತು. ಬಾವ್ಯಾಗ ಈಸಿದವರು, ಆದ್ರ ಬಾವಿ ಅಳ್ಯಾಡಂಗಿಲ್ಲಲ್ಲ. ಹಿಂದಿನ ಕಂಬಿ ಹಿಡಕೊಂಡು ಮುಂಜಾನೆ ತಿಂದ ನಾಷ್ಟಾ ಎಲ್ಲಾ ಶಾಂತ ಮಹಾಸಾಗರಕ್ಕ ಅರ್ಪಣೆ ಮಾಡಿದ್ರು. ದೂರದ ಗೆರಿ ನೋಡ್ರಿ, ಕೆಳಗ ಖೋಲ್ಯಾಗ ಹೋಗಬ್ಯಾಡ್ರಿ ಅಂತ ಅವರಿಗೆ ಶುಂಠಿ ಮಿಠಾಯಿ ಕೊಟ್ರು. ನಂಗ ಏನೂ ಆಗಲಿಲ್ಲ! ನಾನು ಒಂದ ಕೈಲೆ ಅವರ ಬೆನ್ನ ಸವರಿಕೋತ, ಇನ್ನೊಂದ ಕೈಲೆ ಬಿಸ್ಕೀಟ ತಿನಕೋತ ಕೂತಿದ್ದೆ.

ಆ ದ್ವೀಪಗಳು ಎಪ್ಪತ್ತನಾಲ್ಕ ಅವ. ನಾ ತಿಳದಿದ್ದು ಹವಳದ ಮ್ಯಾಲೆ ಆದ ಸಪಾಟ ದ್ವೀಪ ಅಂತ. ಅಲ್ಲ, ಇವು ಗುಡ್ಡದ ತಲಿಗೋಳು. ಹಿಮಯುಗ ಮುಗದು ಸಮುದ್ರ ಏರಿದಾಗ ಕಣಿವಿ ಎಲ್ಲಾ ಮುಳಗಿ ತುದಿ ಅಷ್ಟ ಉಳದುವು. ಅವುಗಳ ಕಾಲ ಬುಡಕ ಹವಳ ಬೆಳದದ. ದೊಡ್ಡ ರೀಫ್ ಇನ್ನೂ ಹೊರಗ, ದೂರ. 1770ರಾಗ ಜೇಮ್ಸ್ ಕುಕ್ ಇಲ್ಲೆ ಹಾದ ಹೋದಾಗ ಅವರ ವಿಟ್ ಸಂಡೇ ಹಬ್ಬ ಅಂತ ಈ ಹೆಸರಿಟ್ಟ. ಆದ್ರ ಆವಾಗ ತಾರೀಖ ಬದಲಾಗೋ ಗೆರಿ ಇದ್ದಿದ್ದಿಲ್ಲ, ಈಗಿನ ಲೆಕ್ಕದಾಗ ಅವತ್ತ ಸೋಮವಾರ. ಪಂಚಾಂಗ ನೋಡಲಾರದ ಹೆಸರಿಟ್ಟರ ಹಿಂಗ ಆಗ್ತದ ಅಂತ ನಮ್ಮನಿಯವರು ಹಡಗ ನಿಂತ ಮ್ಯಾಲೆ, ಸ್ವಲ್ಪ ಜೀವ ಬಂದ ಮ್ಯಾಲೆ ಅಂದ್ರು.

ಹೆಸರಿಡೋಕಿಂತ ಸಾವಿರಾರ ವರ್ಷ ಮೊದಲ ಅಲ್ಲೆ ನ್ಗಾರೋ ಮಂದಿ ಇದ್ರು. ಮರದ ತೊಗಟಿ ಹೊಲದು ದೋಣಿ ಮಾಡಿ ದ್ವೀಪದಿಂದ ದ್ವೀಪಕ್ಕ ಹೋಗಿ ಆಮಿ, ಮೀನ ಹಿಡೀತಿದ್ರು. ಹುಕ್ ದ್ವೀಪದ ನಾರಾ ಇನ್‌ಲೆಟ್ ಅನ್ನೋ ಕಡೆ ಅವರು ಬರದ ಚಿತ್ರದ ಗವಿ ಅದ, ನಾವು ಮೊದಲನೇ ರಾತ್ರಿ ಲಂಗರ ಹಾಕಿದ್ದ ಅಲ್ಲೇ. ಮುಂಜಾನೆ ಹತ್ತಿ ನೋಡಿದ್ವಿ. ಕೆಂಪ ಬಣ್ಣದ ಗೆರಿ, ಬಲಿ ಹೆಣದಂಥಾ ನಮೂನಿ. 19ನೇ ಶತಮಾನದಾಗ ಬಿಳಿಯರು ಬಂದು ಅವರನ್ನ ತಮ್ಮ ದ್ವೀಪದಿಂದ ಹೊರಗ ಹಾಕಿದ್ರು. ಗವಿ ಮುಂದ ಗುಂಡಿ ಒತ್ತಿದ್ರ ಅವರ ಕಥಿ ಹೇಳೋ ಪೆಟಗಿ ಇಟ್ಟಾರ. ಜರ್ಮನಿ ಹುಡುಗರು ಸೈತ ಅಲ್ಲೆ ಗದ್ದಲಾ ಮಾಡಲಿಲ್ಲ.

ವೈಟ್‌ಹೆವನ್ ಬೀಚಿನ ಫೋಟೋ ಎಲ್ಲಾರೂ ನೋಡೀರ್ತೀರಿ, ಅದರ ಬಗ್ಗೆ ಭಾಳ ಬರಿಯಂಗಿಲ್ಲ. ಏಳ ಕಿಲೋಮೀಟರ ಉದ್ದ, ಉಸುಕು ರಂಗೋಲಿ ಪುಡಿ ಇದ್ದಂಗ, 98 ಪರ್ಸೆಂಟ್ ಸಿಲಿಕಾ, ಮಧ್ಯಾಹ್ನದ ಬಿಸಲಿನಾಗೂ ಕಾಲ ಸುಡಂಗಿಲ್ಲ. ಒಂದ ಚಿಟಿಕಿ ಪಾಕೀಟಿನಾಗ ಹಾಕ್ಕೊಳ್ಳಿಕ್ಕೆ ಬಿಡಂಗಿಲ್ಲ. ನಂಗ ದೀಪಾವಳಿ ರಂಗೋಲಿ ನೆನಪಾಗಿ ಹೊಟ್ಯಾಗ ಕಿವುಚಿಧಂಗ ಆತು, ಆದ್ರ ಮುಟ್ಟಲಿಲ್ಲ.

ಅವತ್ತ ಮಧ್ಯಾಹ್ನ ಹುಕ್ ದ್ವೀಪದ ಬಡಗಣ ದಂಡಿಗೆ ಹಡಗ ನಿಲ್ಲಿಸಿದ್ರು. ಎಲ್ಲಾರಿಗೂ ಸ್ಟಿಂಗರ್ ಸೂಟ್ ಕೊಟ್ರು. ತಲಿಯಿಂದ ಮುಂಗೈತನಕಾ ಮುಚ್ಚೋ ಕರೇ ಅರಬಿ, ಮೈಗೆ ಅಂಟಿ ಕೂಡತದ. ಇದು ಮಾನಾ ಮುಚ್ಚಲಿಕ್ಕಲ್ಲ, ಇರುಕಾಂಡ್ಜಿ ಅನ್ನೋ ಜೆಲ್ಲಿಮೀನಿನ ಸಂಬಂಧ. ಒಂದ ಉಗುರಿನಷ್ಟ ಇರ್ತದ, ನೀರಾಗ ಕಾಣಂಗಿಲ್ಲ, ಕುಟಕಿದ್ರ ಅರ್ಧಾ ತಾಸ ಬಿಟ್ಟ ನಡಾ ಮುರಿಯೋ ಬ್ಯಾನಿ. ಜ್ಯಾಕ್ ಬಾರ್ನ್ಸ್ ಅಂತ ಕೇರ್ನ್ಸಿನ ಡಾಕ್ಟರು ಈ ಬ್ಯಾನಿಗೆ ಇದ ಕಾರಣ ಅಂತ ತೋರಸಲಿಕ್ಕೆ ತಾವೂ ಕುಟಕಿಸಿಕೊಂಡು ತಮ್ಮ ಒಂಬತ್ತ ವರ್ಷದ ಮಗಗೂ ಕುಟಕಿಸಿದ್ರಂತ. ಮೂರೂ ಮಂದಿ, ಇನ್ನೊಬ್ಬ ಕಡಲ ಕಾವಲಗಾರ ಹಿಡದು, ದವಾಖಾನಿ ಸೇರಿದ್ರು. ಆ ಹುಡುಗನ ತಾಯಿ ಏನಂದ್ಲೋ ಅನ್ನೋದ ನನ್ನ ತಲ್ಯಾಗ ಇನ್ನೂ ಅದ.

ಸೂಟ ಹಾಕ್ಕೊಂಡೆ. ಕಾಲಿಗೆ ಬಾತುಕೋಳಿ ಪಾದಾ ಹಾಕ್ಕೊಂಡೆ. ಹಡಗದ ಹಿಂದಿನ ನಿಚ್ಚಣಿಕಿ ಇಳದೆ. ಮೂರನೇ ಪಾವಟಗಿಗೆ ನೀರ ಟೊಂಕಕ್ಕ ಬಂತು. ಮಾರಿ ಮುಳಗಿಸಿ ಕೆಳಗ ನೋಡಿದ್ರ ಬರೇ ನೀಲಿ. ನಿಚ್ಚಣಿಕಿ ಕೆಳಗ ಏನೂ ಇಲ್ಲ. ಮೈ ಕಲ್ಲಾತು, ಬೆರಳ ಬಿಡವಲ್ವು. ನಮ್ಮನಿಯವರು ಕೆಳಗ ನೀರಾಗ ಇದ್ದು 'ಬಾ, ನಾ ಹಿಡೀತೇನಿ' ಅಂದ್ರು. ನಾ ಮ್ಯಾಲೆ ಹತ್ತಿದೆ. ಅವರು ಏನೂ ಅನ್ನಲಿಲ್ಲ. ಹತ್ತಿ ಬಂದು ಬಾಜೂಕ ಕೂತ್ರು. 'ನೀವ ಹೋಗ್ರಿ, ರೊಕ್ಕಾ ಕೊಟ್ಟ ಬಂದೇವಿ' ಅಂದೆ. 'ಹೋಗ್ತೇನ ತಡಿ' ಅಂದ್ರು, ಹೋಗಲಿಲ್ಲ. ಅವತ್ತ ನಮ್ಮ ಮಾಮಾನ ಮಾತ ಮೊದಲನೇ ಸಲಾ ಅವರ ಮುಂದ ಪೂರ್ತಿ ಹೇಳಿದೆ. ಹದಿನಾಲ್ಕ ವರ್ಷ ಅವರ ಬಾವಿ ಕಥಿ ಕೇಳಿದ್ದೆ, ನಮ್ಮ ಬಾವಿ ಕಥಿ ಹೇಳಿದ್ದಿಲ್ಲ. ಅವರು ಸುಮ್ಮನ ಕೇಳಿದ್ರು. ಆಮ್ಯಾಲೆ ಅವರ ಬಾವಿ ಕಥಿ ಮತ್ತ ತಗದಿಲ್ಲ, ಇವತ್ತಿನತನಕಾ.

ರಾತ್ರಿ ಊಟಕ್ಕ ಪಾಸ್ತಾ. ನಾ ಬ್ರಿಸ್ಬೇನಿನಾಗ ಜ್ವಾಳದ ಹಿಟ್ಟ ತಂದು ಬಡದ ಖಡಕ ರೊಟ್ಟಿ, ಕುಟ್ಟಿದ ಶೇಂಗಾ ಚಟ್ನಿ ಕಟಿಗೊಂಡ ಹೋಗಿದ್ದೆ. ಸಮುದ್ರದ ಹಸಿ ಗಾಳಿಗೆ ರೊಟ್ಟಿ ಮೆತ್ತಗಾಗಬಾರದು ಅಂತ ಎರಡ ಡಬ್ಬಿ ಒಳಗ ಇಟ್ಟಿದ್ದೆ. ಒಬ್ಬ ಜರ್ಮನಿ ಹುಡುಗ ಪಾಸ್ತಾದ ಮ್ಯಾಲೆ ಶೇಂಗಾ ಚಟ್ನಿ ಉದರಿಸಿಕೊಂಡು ಎರಡ ಸಲಾ ತಿಂದ. ಆಮ್ಯಾಲೆ ದೀಪಾ ಆರಿಸಿ ಎಲ್ಲಾರೂ ಮ್ಯಾಲೆ ಮಲಗಿ ಚಿಕ್ಕಿ ನೋಡಿದ್ವಿ. ಸದರ್ನ್ ಕ್ರಾಸ್ ಅಂತ ಕಪ್ತಾನಳು ತೋರಿಸಿದ್ಲು. ನಾವು ಅದಕ್ಕ ತ್ರಿಶಂಕು ಅಂತೇವಿ, ಸ್ವರ್ಗಕ್ಕೂ ಹೋಗಲಿಲ್ಲ, ಭೂಮಿಗೂ ಬರಲಿಲ್ಲ ಅಂತ ನಮ್ಮನಿಯವರು ಕಥಿ ಹೇಳಿದ್ರು. ಅಕಿ ನಕ್ಕು 'ನಿಚ್ಚಣಿಕಿ ಮ್ಯಾಲೆ ನಿಂತಿದ್ದ ನಿನ್ನ ಹೆಂಡತಿ ಗತೆ' ಅಂದ್ಲು. ಸಿಟ್ಟ ಬರಬೇಕಿತ್ತು, ಬರಲಿಲ್ಲ.

ಮರದಿನ ಮುಂಜಾನೆ ಅಕಿನ ಬಂದು ನಂಗ ಒಂದ ನೂಡಲ್ ಕೊಟ್ಲು. ತಿನ್ನೋದಲ್ಲ, ಗುಲಾಬಿ ಬಣ್ಣದ ಉದ್ದನ್ನ ಬೆಂಡು, ಅದಕ್ಕ ಇವರು ನೂಡಲ್ ಅಂತಾರ. ಬಗಲಾಗ ಹಾಕ್ಕೊಂಡ್ರ ಮುಳಗೇನಂದ್ರೂ ಮುಳಗಲಿಕ್ಕೆ ಬರಂಗಿಲ್ಲ. ಈ ಸಲಾ ನಿಚ್ಚಣಿಕಿಯಿಂದ ಬ್ಯಾಡ, ಸಣ್ಣ ರಬ್ಬರ ದೋಣ್ಯಾಗ ದಂಡಿಗೆ ಹೋಗಿ ಅಲ್ಲಿಂದ ನಡಕೋತ ಇಳಿ ಅಂದ್ಲು. ಮೊಣಕಾಲು, ಟೊಂಕ, ಎದಿ. ತಳಾ ಕಾಲಿಗೆ ಹತ್ತತಿತ್ತು. ಮಾರಿ ಮುಳಗಿಸಿದೆ. ಕಾಲ ಯಾವಾಗ ತಳಾ ಬಿಟ್ವೋ ನಂಗ ತಿಳೀಲಿಲ್ಲ.

ಮೊದಲ ಕೇಳಿಸಿದ್ದು ಸಪ್ಪಳ. ಕಟರ್ ಕಟರ್ ಅಂತ ಹುರಗಡ್ಲಿ ಕಡಧಂಗ. ಗಿಳಿಮೀನು, ಪ್ಯಾರಟ್ ಫಿಶ್ ಅಂತಾರ, ಚುಂಚಲೆ ಹವಳದ ಕಲ್ಲ ಕೆರಕೊಂಡ ತಿನ್ನಲಿಕ್ಕತ್ತಿದ್ವು. ತಿಂದದ್ದ ಹಿಂದಿನಿಂದ ಉಸುಕಾಗಿ ಬರತದ, ಅದನ್ನೂ ಕಣ್ಣಾರೆ ನೋಡಿದೆ. ಮುಂದ ಒಂದ ದೊಡ್ಡ ಚಿಪ್ಪು, ನಮ್ಮ ಮನಿ ಪರಾತದಷ್ಟು, ಒಳಗ ನವಿಲ ಬಣ್ಣದ ತುಟಿ. ನೆರಳ ಬಿದ್ದ ಕೂಡಲೇ ಮುಚಗೊಂತು. ಆಮ್ಯಾಲೆ ಒಂದ ಮಾವೋರಿ ರಾಸ್ ಬಂತು. ಹಣಿ ಮ್ಯಾಲೆ ಗೂನಿನಷ್ಟ ದೊಡ್ಡ ಗಂಟು, ದಪ್ಪ ತುಟಿ, ನನಗಿಂತ ಸ್ವಲ್ಪ ಸಣ್ಣದು ಅಷ್ಟ. ಹಗೂರ ಬಂದು ನನ್ನ ನೂಡಲ್ ನೋಡಿ ಹೋತು. ನಾ ಸಮುದ್ರದಾಗ ಇದ್ದೇನಿ ಅನ್ನೋದ ಆವಾಗ ನೆನಪಾತು, ಆದ್ರ ನೆನಪಾಗಿ ಏನೂ ಆಗಲಿಲ್ಲ.

ಎಲ್ಲಾ ಛಂದ ಇತ್ತು ಅಂತ ಬರದ್ರ ಸುಳ್ಳಾಗ್ತದ. 2017ರ ಮಾರ್ಚಿನಾಗ ಡೆಬಿ ಅನ್ನೋ ಚಂಡಮಾರುತ ನೆಟ್ಟಗ ಈ ದ್ವೀಪಗಳ ಮ್ಯಾಲೆ ಹಾದು ಹೋಗೇದ. ಒಂದ ಕಡೆ ಹವಳ ಮುರದು, ಒಡದ ಭರಣಿ ಚೂರ ಸುರವಿಧಂಗ ತಳದಾಗ ಬಿದ್ದಿತ್ತು. ಚೂರಿನ ನಡುವ ಅಲ್ಲಲ್ಲೆ ಹೊಸಾ ಹವಳ, ಗೇಣ ಉದ್ದದ ಟೊಂಗಿ. ಇನ್ನ ನೀರ ಕಾದ್ರ ಹವಳ ತನ್ನೊಳಗಿನ ಪಾಚಿ ಹೊರಗ ಹಾಕಿ ಬೆಳ್ಳಗಾಗ್ತದ, ಆ ಪಾಚಿನ ಅದಕ್ಕ ಬಣ್ಣ, ಅದ ಊಟ. 2016, 2017, 2020, 2022, 2024ರಾಗ ಗ್ರೇಟ್ ಬ್ಯಾರಿಯರ್ ರೀಫಿನಾಗ ಹಂಗ ಆಗೇದ. ಕಪ್ತಾನಳಿಗೆ ನಾ ಮಂದೀಗೆ ಕೇಳಿಸಲಾರಧಂಗ, ನೀ ಬಂದಾಗ ಹೆಂಗಿತ್ತು ಇದು ಅಂದೆ. 'ಇದಕ್ಕಿಂತ ಛೊಲೋ' ಅಂದು ಹಗ್ಗಾ ಸುತ್ತಲಿಕ್ಕತ್ತಿದ್ಲು. ನಮ್ಮನಿಯವರು ಇದನ್ನ ನೋಡಲಿಕ್ಕೆ ಯಾಕ ಅವಸರ ಮಾಡಿದ್ರು ಅಂತ ನಂಗ ಅಲ್ಲೇ ತಿಳೀತು.

ವಾಪಸ ಏರ್ಲಿ ಬೀಚಿಗೆ ಬಂದು ಫೋನ್ ಹತ್ತಿದ ಕೂಡಲೇ ಅವ್ವನ ಆರ ಮಿಸ್ಡ್ ಕಾಲ್. ವಿಡಿಯೋ ಕಾಲ್ ಮಾಡಿದೆ. ನಮ್ಮನಿಯವರು ನೀರೊಳಗ ತಗದ ವಿಡಿಯೋ ತೋರಿಸಲೋ ಬ್ಯಾಡೋ ಅಂತ ನನ್ನ ಮಾರಿ ನೋಡಿದ್ರು. ತೋರಿಸ್ರಿ ಅಂದೆ. ಕರೇ ಸೂಟು, ಗುಲಾಬಿ ನೂಡಲ್, ಬಾಯಾಗ ನಳಿಗಿ ಹಾಕ್ಕೊಂಡ ಕೈಕಾಲ ಬಡಿಯೋ ಹೆಂಗಸು. ಅವ್ವ ಚಷ್ಮಾ ಏರಿಸಿ ನೋಡಿದ್ಲು. ಬೈಲಿಲ್ಲ. ಭಾಳ ಹೊತ್ತ ನೋಡಿ,

'ಅಲ್ಲೆ ತಳಾ ಕಾಣತಿತ್ತೇನವಾ?' ಅಂದ್ಲು.

'ಕಾಣತಿತ್ತವಾ. ಸ್ವಚ್ಛ ಕಾಣತಿತ್ತು.'

'ಎಲ್ಲಾ ಕಡೆ?'

'ನಾ ಇದ್ದ ಕಡೆ ಎಲ್ಲಾ ಕಾಣತಿತ್ತು.'

'ಹೂಂ' ಅಂದ್ಲು. ಇನ್ನೊಮ್ಮೆ ಹಚ್ಚು ಅಂದ್ಲು. ಎರಡನೇ ಸಲಾ ನೋಡಬೇಕಾದ್ರ ಅಪ್ಪಾಜೀನೂ ಬಂದು ಹಿಂದ ನಿಂತ್ರು. ಆ ಗಂಟ ಹಣಿ ಮೀನ ನೋಡಿ 'ನಮ್ಮ ಮಾಸ್ತರ ಇದ್ದಂಗ ಅದ' ಅಂದ್ರು. ಅವ್ವ ನಕ್ಕಳು. ಆಮ್ಯಾಲೆ ಕಣ್ಣ ಒರಿಸಿಕೊಂಡು, ಖಡಕ ರೊಟ್ಟಿ ಸಮುದ್ರದ ಗಾಳಿಗೆ ಮೆತ್ತಗಾಗಲಿಲ್ಲೇನ ಅಂತ ಕೇಳಿದ್ಲು. ಆಗಿಲ್ಲ, ಇನ್ನೂ ನಾಲ್ಕ ಉಳದಾವ ಅಂದೆ. ಬಸ್ಸಿನಾಗ ತಿನ್ರಿ ಅಂದ್ಲು.